ಅಡುಗೆಮನೆಯ ಡಬ್ಬಗಳಲ್ಲಿ ಮೊದಲು ಏನಿರಬೇಕು? ಸಿರಿಧಾನ್ಯ, ಕಾಳು, ಎಣ್ಣೆಕಾಳುಗಳನ್ನು ದಿನವೂ ಬಳಸುವವರು ತಿಳಿಸಿ

ಮಲ್ಲೇಶ್ವರದ ಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಐದು ಜನರ ಮನೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಾವನವರಿಗೆ ಸಕ್ಕರೆ ಕಾಯಿಲೆ ಇದೆ, ಅತ್ತೆಗೆ ಮಂಡಿನೋವು, ಮಗಳಿಗೆ ನಾಲ್ಕು ವರ್ಷ. ಮನೆಯಲ್ಲಿ ಪಾಲಿಶ್ ಮಾಡಿದ ಅಕ್ಕಿ, ಮೈದಾ, ಪೊಟ್ಟಣದ ತಿಂಡಿಗಳನ್ನು ಕಡಿಮೆ ಮಾಡಿ, ಇಡಿಯಾದ ಧಾನ್ಯ ಮತ್ತು ಕಾಳುಗಳನ್ನು ಹೆಚ್ಚಿಸಬೇಕೆಂದು ತೀರ್ಮಾನಿಸಿದ್ದೇವೆ. ಅಂಗಡಿಯಲ್ಲಿ ನವಣೆ, ಸಾಮೆ, ಊದಲು, ಹಾರಕ, ಕೊರಲೆ, ಬರಗು, ಚಿಯಾ, ಕ್ವಿನೋವಾ, ಓಟ್ಸ್ ಎಲ್ಲವೂ ಸಾಲಾಗಿ ನಿಂತಿವೆ. ಎಲ್ಲವನ್ನೂ ತಂದು ಸುರಿದುಕೊಳ್ಳುವ ಮನಸ್ಸಿಲ್ಲ. ಮೊದಲು ಯಾವುದನ್ನು ತರಬೇಕು, ತಂದದ್ದನ್ನು ವಾರದ ಅಡುಗೆಯಲ್ಲಿ ಹೇಗೆ ಮುಗಿಸಬೇಕು ಎನ್ನುವುದೇ ನನ್ನ ಪ್ರಶ್ನೆ. ಬೆಳಗ್ಗೆ ಅಡುಗೆಗೆ ಮುಕ್ಕಾಲು ಗಂಟೆಗಿಂತ ಹೆಚ್ಚು ಸಿಗುವುದಿಲ್ಲ.

ಬಯಲುಸೀಮೆ:

ಹೊಸದುರ್ಗದ ಕಡೆಯವನು ನಾನು. ರಾಗಿ, ಸಾಮೆ ಬೆಳೆಯುವ ಮನೆ. ತಾಯಿ, ನಿಮಗೆ ನಾನು ಹೇಳುವುದು ಒಂದೇ: ಮೊದಲು ರಾಗಿ ತನ್ನಿ. ನಿಮ್ಮ ಮನೆಯವರ ನಾಲಿಗೆಗೆ ಅದು ಹೊಸದಲ್ಲ, ಹತ್ತಿರದ ಗಿರಣಿಯಲ್ಲೇ ಬೀಸಿಸಬಹುದು, ಬೆಲೆಯೂ ಸಾಮೆ, ನವಣೆಗಳಿಗಿಂತ ಕಡಿಮೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣದಂಶ ಇದೆ. ಬಿಳಿ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಕೂಡ ದಾಟುವುದಿಲ್ಲ. ನಾರು ರಾಗಿಯಲ್ಲಿ ಸುಮಾರು 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂ ಒಳಗೆ. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮದು. ಹೀಗಿರುವಾಗ ಕ್ವಿನೋವಾದಿಂದ ಆರಂಭಿಸುವ ಅಗತ್ಯ ಏನಿದೆ?

ಇನ್ನೊಂದು ಕಾರಣವೂ ಇದೆ. ರಾಗಿ, ಜೋಳ, ಸಜ್ಜೆಗೆ ಗಟ್ಟಿ ಹೊಟ್ಟಿನ ಕವಚ ಇಲ್ಲ. ಒಕ್ಕಣೆಯಾದ ಮೇಲೆ ಹಸನು ಮಾಡಿ ನೇರವಾಗಿ ಬೀಸಬಹುದು. ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಬರಗು ಹಾಗಲ್ಲ. ಅವುಗಳ ಮೇಲಿನ ಹೊಟ್ಟು ತೆಗೆದೇ ಅಕ್ಕಿ ಮಾಡಬೇಕು. ಹೊಟ್ಟು ತೆಗೆಯುವ ಯಂತ್ರದಲ್ಲಿ ಇನ್ನೂ ಒಂದೆರಡು ಸಲ ಹಾಯಿಸಿದರೆ ಒಳಗಿನ ತೌಡೂ ಹೋಗುತ್ತದೆ. ಆಗ ನೋಡಲು ಬೆಳ್ಳಗೆ, ಹೊಳಪಾಗಿ ಇರುತ್ತದೆ, ಬೇಗ ಹುಳ ಹಿಡಿಯುವುದೂ ಇಲ್ಲ, ಅಂಗಡಿಯವನಿಗೆ ಅನುಕೂಲ. ನೀವು ದುಬಾರಿ ಹಣ ಕೊಟ್ಟು ಮತ್ತೊಂದು ಬಿಳಿ ಅಕ್ಕಿಯನ್ನೇ ತಂದಂತಾಯಿತು. ಕೊಳ್ಳುವಾಗ ಒಂದು ಹಿಡಿ ಅಂಗೈಯಲ್ಲಿ ಹಾಕಿಕೊಂಡು ನೋಡಿ. ತೌಡು ಉಳಿದ ಸಾಮೆ ಮಾಸಲು ಬಣ್ಣದ್ದು, ನವಣೆ ಮಂಕಾದ ಹಳದಿ. ಉಜ್ಜಿದರೆ ಅಂಗೈಗೆ ಸಣ್ಣ ಪುಡಿ ಅಂಟುತ್ತದೆ. ಇದನ್ನು ನೋಡಿ ಕೊಳ್ಳಿ, ಪೊಟ್ಟಣದ ಮೇಲಿನ ಬರಹ ನೋಡಿ ಅಲ್ಲ.

ಎರೆಹೊಲ:

ಬಯಲುಸೀಮೆಯವರ ಮಾತಿಗೆ ನನ್ನದೂ ಒಪ್ಪಿಗೆ. ಆದರೆ ಜೋಳವನ್ನು ಮರೆಯಬೇಡಿ ಅಕ್ಕಾ. ನಮ್ಮದು ವಿಜಯಪುರದ ಕಡೆ. ಹಿಂಗಾರಿನ ಮಾಲದಂಡಿ ಜೋಳದ ರೊಟ್ಟಿ ತಿಂದವರು ಬೇರೆ ರೊಟ್ಟಿ ಕೇಳುವುದಿಲ್ಲ. ಬೆಂಗಳೂರಿನವರು ಜೋಳದ ರೊಟ್ಟಿ ಹರಿಯುತ್ತದೆ, ಬಿರುಕು ಬಿಡುತ್ತದೆ ಎಂದು ಬಿಟ್ಟುಬಿಡುತ್ತಾರೆ. ಗೋಧಿಯಲ್ಲಿ ಅಂಟು ಇದೆ, ಜೋಳದಲ್ಲಿ ಅದಿಲ್ಲ. ಆ ಕೆಲಸವನ್ನು ಕುದಿಯುವ ನೀರು ಮಾಡಬೇಕು. ನೀರು ಮರಳುವಾಗ ಚಿಟಿಕೆ ಉಪ್ಪು ಹಾಕಿ, ಹಿಟ್ಟಿನ ನಡುವೆ ಗುಳಿ ಮಾಡಿ ಸುರಿದು, ಸಟ್ಟುಗದಿಂದ ಕಲಸಿ ಸ್ವಲ್ಪ ಹೊತ್ತು ಮುಚ್ಚಿಡಿ. ಕೈ ತಾಳುವಷ್ಟು ಬಿಸಿ ಇರುವಾಗಲೇ ಅಂಗೈ ಬುಡದಿಂದ ಚೆನ್ನಾಗಿ ನಾದಬೇಕು. ಒಮ್ಮೆಗೆ ಒಂದೆರಡು ರೊಟ್ಟಿಗೆ ಬೇಕಾದಷ್ಟೇ ನಾದಿ, ಉಳಿದದ್ದು ಮುಚ್ಚಿರಲಿ. ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ, ಏನು ಮಾಡಿದರೂ ರೊಟ್ಟಿ ಕೂಡುವುದಿಲ್ಲ. ಅದಕ್ಕಾಗಿ ಜೋಳವನ್ನು ಕಾಳಾಗಿಯೇ ತಂದಿಟ್ಟು ಹದಿನೈದು ದಿನಕ್ಕೆ ಬೇಕಾದಷ್ಟು ಬೀಸಿಸಿ. ಜಿಗಿ ಕಡಿಮೆ ಎನಿಸಿದರೆ ಬೀಸಿಸುವಾಗ ಒಂದು ಹಿಡಿ ಉದ್ದಿನಬೇಳೆ ಸೇರಿಸಿ.

ದಿನವೂ ರೊಟ್ಟಿ ತಟ್ಟಲು ಹೊತ್ತಿಲ್ಲದಿದ್ದರೆ ಗರಿಗರಿಯಾಗಿ ಒಣಗಿಸಿದ ಖಟಕ ರೊಟ್ಟಿ ತರಿಸಿಕೊಳ್ಳಿ. ವಾರಗಟ್ಟಲೆ ಕೆಡುವುದಿಲ್ಲ.

ರೊಟ್ಟಿಗಿಂತ ಮುಖ್ಯವಾದದ್ದು ಅದರ ಪಕ್ಕದಲ್ಲಿ ಇರುವುದು. ಗುರೆಳ್ಳು, ಅಗಸೆ, ಶೇಂಗಾ ಈ ಮೂರು ಚಟ್ನಿಪುಡಿಗಳು ಡಬ್ಬದಲ್ಲಿದ್ದರೆ ಅರ್ಧ ಅಡುಗೆ ಮುಗಿದ ಹಾಗೆ. ದಕ್ಷಿಣದವರು ಹುಚ್ಚೆಳ್ಳು ಎನ್ನುವುದನ್ನೇ ನಾವು ಗುರೆಳ್ಳು ಎನ್ನುತ್ತೇವೆ. ಸಣ್ಣ ಉರಿಯಲ್ಲಿ ಚಟಪಟ ಸದ್ದು ಬರುವ ತನಕ ಹುರಿದು, ಆರಿದ ಮೇಲೆ ಹುರಿದ ಒಣಮೆಣಸಿನಕಾಯಿ ಅಥವಾ ಖಾರದ ಪುಡಿ, ಬೆಳ್ಳುಳ್ಳಿ, ಜೀರಿಗೆ, ಕರಿಬೇವು, ಹುಣಸೆ, ಉಪ್ಪು, ಚೂರು ಬೆಲ್ಲ ಹಾಕಿ ತರಿತರಿಯಾಗಿ ಕುಟ್ಟಿ. ಅದೇ ಪುಡಿಯನ್ನು ಶೇಂಗಾ ಪುಡಿಯ ಜೊತೆ ಬದನೆಕಾಯಿ ಎಣ್ಣೆಗಾಯಿಗೆ ತುಂಬಬಹುದು. ಹೀರೆಕಾಯಿ ಪಲ್ಯಕ್ಕೂ, ಹೆಸರುಕಾಳಿನ ಪಲ್ಯಕ್ಕೂ ಇಳಿಸುವಾಗ ಎರಡು ಚಮಚ ಉದುರಿಸಿ ನೋಡಿ. ಮೇಲೊಂದಿಷ್ಟು ಮೊಸರು, ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ ಇದ್ದರೆ ಮತ್ತೇನು ಬೇಕು?

ಆರೋಗ್ಯ ಸಿರಿ:

ಇಷ್ಟೆಲ್ಲ ಏಕೆ? ಅಕ್ಕಿ, ಗೋಧಿ ಎರಡನ್ನೂ ಪೂರ್ತಿ ಬಿಡಿ. ಬರೀ ಸಿರಿಧಾನ್ಯ ತಿಂದರೆ ನಿಮ್ಮ ಮಾವನವರ ಸಕ್ಕರೆ ಕಾಯಿಲೆ ಕೆಲವೇ ತಿಂಗಳಲ್ಲಿ ವಾಸಿಯಾಗುತ್ತದೆ, ಮಾತ್ರೆಯೂ ಬೇಕಾಗುವುದಿಲ್ಲ. ನಮ್ಮ ಬಂಧುಗಳಲ್ಲೇ ಉದಾಹರಣೆ ಇದೆ.

ಪಥ್ಯ:

ನಾನು ವೃತ್ತಿಯಿಂದ ಆಹಾರ ತಜ್ಞೆ. ಮೇಲಿನ ಮಾತಿಗೆ ಉತ್ತರ ಕೊಡದೆ ಇರಲಾರೆ. ಧಾನ್ಯ ಬದಲಿಸಿದರೆಂದು ಯಾರೂ ಮಾತ್ರೆ ನಿಲ್ಲಿಸಬಾರದು, ದಯವಿಟ್ಟು. ಸಿರಿಧಾನ್ಯ ಒಳ್ಳೆಯ ಆಹಾರ. ಅದನ್ನು ಔಷಧಿ ಎಂದು ಮಾರುವುದರಿಂದ ಕಷ್ಟಕ್ಕೆ ಸಿಕ್ಕಿಕೊಳ್ಳುವವರು ವಯಸ್ಸಾದವರು. ಆಹಾರ ಬದಲಾಗಿ ಸಕ್ಕರೆ ಅಂಶ ಇಳಿಯುತ್ತಾ ಬಂದರೆ ಮಾತ್ರೆಯ ಪ್ರಮಾಣವನ್ನು ವೈದ್ಯರೇ ಇಳಿಸುತ್ತಾರೆ. ಹಾಗಾಗಿ ಬದಲಾವಣೆಯ ಆರಂಭದಲ್ಲೇ ಅವರಿಗೆ ತಿಳಿಸಿ, ರಕ್ತಪರೀಕ್ಷೆ ಮಾಡಿಸುತ್ತಾ ಇರಿ.

ಮಾವನವರ ವಿಷಯದಲ್ಲಿ ಗಮನಿಸಬೇಕಾದದ್ದು ಹೀಗಿದೆ. ಯಾವ ಸಿರಿಧಾನ್ಯವನ್ನೇ ತೆಗೆದುಕೊಳ್ಳಿ, 100 ಗ್ರಾಂನಲ್ಲಿ 60ರಿಂದ 70 ಗ್ರಾಂ ಪಿಷ್ಟವೇ. ನಾರು ಹೆಚ್ಚಿರುವುದರಿಂದ ಅದು ಜೀರ್ಣವಾಗುವುದು ಅಕ್ಕಿಗಿಂತ ನಿಧಾನ. ಆದರೆ ನುಣ್ಣಗೆ ಬೀಸಿ, ತೆಳ್ಳಗೆ ಗಂಜಿ ಕಾಯಿಸಿದರೆ ಆ ಲಾಭ ಬಹಳಷ್ಟು ಕರಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಬೆಳಗ್ಗೆ ಬೆಲ್ಲ ಹಾಕಿದ ರಾಗಿ ಮಾಲ್ಟ್ ಕುಡಿದು ಆರೋಗ್ಯದ ಆಹಾರ ಸೇವಿಸಿದೆ ಎಂದುಕೊಳ್ಳುವುದನ್ನು ನಾನು ಪದೇ ಪದೇ ನೋಡುತ್ತೇನೆ. ಬೆಲ್ಲವೂ ಬಹುಪಾಲು ಸಕ್ಕರೆಯೇ. ಅದೇ ರಾಗಿಯನ್ನು ಚಿಕ್ಕ ಮುದ್ದೆಯಾಗಿ, ಸೊಪ್ಪು ಕಾಳು ತುಂಬಿದ ಸಾರಿನ ಜೊತೆ ಉಂಡರೆ ಲೆಕ್ಕವೇ ಬೇರೆ. ತಟ್ಟೆಯಲ್ಲಿ ಧಾನ್ಯದ ಪಾಲು ಕಾಲು ಭಾಗ, ಕಾಳು ಅಥವಾ ಬೇಳೆ ಕಾಲು ಭಾಗ, ಉಳಿದ ಅರ್ಧ ತರಕಾರಿ ಮತ್ತು ಸೊಪ್ಪು ಇರಲಿ.

ರಾಗಿಯಲ್ಲಿ ಪ್ರೋಟೀನು ಅಕ್ಕಿಗಿಂತ ಹೆಚ್ಚೇನಿಲ್ಲ, ಸುಮಾರು 7 ಗ್ರಾಂ. ಹುರುಳಿಯಲ್ಲಿ ಸುಮಾರು 22 ಗ್ರಾಂ. ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಧಾನ್ಯದ ಡಬ್ಬ ಎರಡು ಸಾಕು, ಕಾಳಿನ ಡಬ್ಬಗಳು ನಾಲ್ಕಿರಲಿ. ಹುರುಳಿ, ಹೆಸರು, ಅಲಸಂದೆ, ಕಡಲೆ. ಕಾಳಿನ ಸಾರಿಗೆ ಇಳಿಸಿದ ಮೇಲೆ ನಿಂಬೆರಸ ಹಿಂಡಿದರೆ ಕಬ್ಬಿಣದ ಅಂಶವನ್ನು ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟದ ಬೆನ್ನಿಗೇ ಕಾಫಿ, ಚಹಾ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ.

ಮೂತ್ರಪಿಂಡದ ತೊಂದರೆ ಇರುವವರು, ಥೈರಾಯ್ಡ್ ಸಮಸ್ಯೆ ಇದ್ದು ದಿನವೂ ಸಜ್ಜೆಯನ್ನೇ ತಿನ್ನುವವರು ತಮ್ಮ ವೈದ್ಯರನ್ನು ಕೇಳಿಯೇ ಪ್ರಮಾಣ ನಿರ್ಧರಿಸಬೇಕು.

ಮಲ್ಲೇಶ್ವರದ ಮನೆ:

ತುಂಬಾ ಉಪಯೋಗವಾಯಿತು. ಮಾತ್ರೆ ನಿಲ್ಲಿಸುವ ಯೋಚನೆ ಖಂಡಿತ ಇಲ್ಲ. ಎರಡು ಸಂದೇಹಗಳಿವೆ. ಸಾಮೆ ಅಥವಾ ನವಣೆ ಅನ್ನ ಮಾಡಿದರೆ ಒಂದೋ ಮುದ್ದೆಯಾಗುತ್ತದೆ, ಇಲ್ಲವೇ ಗಂಟಲಲ್ಲಿ ಹಿಡಿಯುತ್ತದೆ ಎಂದು ಗೆಳತಿಯರು ಹೇಳುತ್ತಾರೆ, ಸರಿಯಾದ ಕ್ರಮ ಯಾವುದು? ಮಗಳಿಗೆ ಮುದ್ದೆ ನುಂಗಲು ಬರುವುದಿಲ್ಲ, ಅವಳಿಗೆ ರಾಗಿಯನ್ನು ಹೇಗೆ ಕೊಡಲಿ?

ಬಯಲುಸೀಮೆ:

ನೆನೆಸುವುದರಲ್ಲಿ ಎಲ್ಲ ಇದೆ ತಾಯಿ. ರಾತ್ರಿ ಮಲಗುವ ಮೊದಲು ಒಂದು ಲೋಟ ಸಾಮೆಯನ್ನು ಎರಡು ಮೂರು ನೀರಿನಲ್ಲಿ ತೊಳೆದು ನೆನೆಹಾಕಿ. ಕಲ್ಲಿದ್ದರೆ ಗಾಲಿಸಿ ತೆಗೆಯಿರಿ. ಬೆಳಗ್ಗೆ ಆ ನೀರು ಬಸಿದು, ಎರಡು ಲೋಟ ಕುದಿಯುವ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿ. ಕಾಲು ಗಂಟೆಯೊಳಗೆ ನೀರು ಹಿಂಗುತ್ತದೆ. ಒಲೆ ಆರಿಸಿ ಹತ್ತು ನಿಮಿಷ ಮುಚ್ಚಳ ತೆಗೆಯಬೇಡಿ. ಆಮೇಲೆ ಒಂದು ಚಮಚ ತುಪ್ಪ ಹಾಕಿ ಮುಳ್ಳುಚಮಚದಲ್ಲಿ ಬಿಡಿಸಿ. ಬೇಯುತ್ತಿರುವಾಗ ಸೌಟಿನಿಂದ ಕೆದಕುವುದರಿಂದಲೇ ಮುದ್ದೆಯಾಗುವುದು. ಹಾರಕಕ್ಕೆ ಅರ್ಧ ಲೋಟ ನೀರು ಹೆಚ್ಚು ಬೇಕು.

ಗಂಟಲಲ್ಲಿ ಹಿಡಿಯುತ್ತದೆ ಎನ್ನುವವರು ಸಾಮಾನ್ಯವಾಗಿ ಅದನ್ನು ತಿಳಿಸಾರಿನ ಜೊತೆ ಉಣ್ಣುತ್ತಾರೆ. ಈ ಅನ್ನ ಸಾರನ್ನು ಬಹಳ ಹೀರುತ್ತದೆ. ಹುಳಿ, ಮಜ್ಜಿಗೆಹುಳಿ, ಬಿಸಿಬೇಳೆಬಾತ್, ಮೊಸರನ್ನಕ್ಕೆ ಸಾಮೆ ಚೆನ್ನಾಗಿ ಹೊಂದುತ್ತದೆ. ನವಣೆ ಪೊಂಗಲ್, ಚಿತ್ರಾನ್ನಕ್ಕೆ ಸರಿ. ಊದಲು ಮೊಸರನ್ನಕ್ಕೆ ಬಹಳ ಮೃದು. ಕೊರಲೆಯನ್ನು ಉಪ್ಪಿಟ್ಟಿಗೆ ಇಟ್ಟುಕೊಳ್ಳಿ. ತುಮಕೂರು, ಚಿತ್ರದುರ್ಗದ ಕಡೆ ಹುಣಸೆ ಮರದ ನೆರಳಿನಲ್ಲಿಯೂ ಬೆಳೆಯುವ ಬೆಳೆ ಅದು, ಬೇರೆ ಯಾವುದೂ ಬಾರದ ಜಾಗದಲ್ಲಿ ಬರುತ್ತದೆ. ಇಡ್ಲಿಗೆ ಮೂರು ಪಾಲು ಸಾಮೆಗೆ ಒಂದು ಪಾಲು ಉದ್ದು, ಒಂದು ಚಮಚ ಮೆಂತ್ಯ. ಎಲ್ಲವನ್ನೂ ಒಟ್ಟಿಗೆ ತರಬೇಡಿ. ಈ ತಿಂಗಳು ಸಾಮೆ ಮುಗಿಯಲಿ, ಮುಂದಿನ ತಿಂಗಳು ನವಣೆ.

ಹಾರಕದ ಬಗ್ಗೆ ಒಂದು ಎಚ್ಚರಿಕೆ. ಕೊಯ್ಲಿನ ಹೊತ್ತಿಗೆ ಮಳೆ ಸಿಕ್ಕಿ ಬೂಷ್ಟು ಹಿಡಿದ ಹಾರಕ ತಿಂದರೆ ಮತ್ತು ಬರುತ್ತದೆ, ವಾಂತಿಯಾಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. 2024ರ ಅಕ್ಟೋಬರ್ ಕೊನೆಯಲ್ಲಿ ಮಧ್ಯಪ್ರದೇಶದ ಬಾಂಧವಗಢದಲ್ಲಿ ಹತ್ತು ಆನೆಗಳು ಸತ್ತದ್ದು ಶಿಲೀಂಧ್ರ ಹಿಡಿದ ಹಾರಕದ ಬೆಳೆ ತಿಂದೇ. ಚೆನ್ನಾಗಿ ಒಣಗಿದ ಹಾರಕಕ್ಕೆ ಯಾವ ದೋಷವೂ ಇಲ್ಲ. ಮುಗ್ಗಲು ವಾಸನೆ ಬಂದ ಚೀಲವನ್ನು ಮಾತ್ರ ತೊಳೆದು ಉಳಿಸಿಕೊಳ್ಳಲು ಹೋಗಬೇಡಿ.

ಹಳೆಯ ಮೈಸೂರು ಅಡುಗೆ:

ಮಗುವಿಗೆ ರಾಗಿ ಹುರಿಹಿಟ್ಟು ಕೊಡಿ. ರಾಗಿಗೆ ನೀರು ಚಿಮುಕಿಸಿ ಒಂದಿಷ್ಟು ಹೊತ್ತು ಇಟ್ಟು, ಕಾದ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಅರಳಿಸಿ ಬೀಸಿದ್ದು ಹುರಿಹಿಟ್ಟು. ಬೆಂದ ಹಿಟ್ಟಾದ್ದರಿಂದ ಮತ್ತೆ ಒಲೆ ಬೇಕಿಲ್ಲ. ಬಾಳೆಹಣ್ಣು ಕಿವುಚಿ, ತುರಿದ ತೆಂಗಿನಕಾಯಿ, ಏಲಕ್ಕಿ, ಒಂದು ಚಮಚ ತುಪ್ಪ, ಸ್ವಲ್ಪ ಹಾಲು ಸೇರಿಸಿ ಉಂಡೆ ಮಾಡಿ. ಬಾಳೆಹಣ್ಣಿನ ಸಿಹಿಯೇ ಸಾಕು. ಸಂಜೆ ಶಾಲೆಯಿಂದ ಬಂದ ಮಕ್ಕಳು ಇಷ್ಟಪಟ್ಟು ತಿನ್ನುತ್ತಾರೆ.

ರಾಗಿ ದೋಸೆಯೂ ಆಗುತ್ತದೆ. ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಬೆಚ್ಚಗೆ ಹುರಿದು ಬೀಸಿಸಿದರೆ ಹಿಟ್ಟಿಗೆ ತನ್ನದೇ ಒಂದು ಸಿಹಿ ಬರುತ್ತದೆ. ಅದನ್ನು ಉದ್ದಿನ ಹಿಟ್ಟಿನ ಜೊತೆ ಹುದುಗಿಸಿ ದೋಸೆ ಹುಯ್ಯಿರಿ.

ಹುರುಳಿಯ ಬಗ್ಗೆ ಪಥ್ಯ ಮೇಡಂ ಹೇಳಿದ್ದು ಕೇಳಿ ಸಂತೋಷವಾಯಿತು. ನಮ್ಮ ಹಾಸನ, ಮಂಡ್ಯದ ಮನೆಗಳಲ್ಲಿ ಹುರುಳಿ ಇಲ್ಲದ ವಾರ ಇರುವುದಿಲ್ಲ. ಒಮ್ಮೆ ಬೇಯಿಸಿದರೆ ಎರಡು ಅಡುಗೆ. ನೆನೆಸಿ ಮೊಳಕೆ ಬರಿಸಿದ ಕಾಳನ್ನು ಧಾರಾಳ ನೀರಿನಲ್ಲಿ ಬೇಯಿಸಿ, ಕಟ್ಟು ಬಸಿದುಕೊಳ್ಳಿ. ಒಂದು ಹಿಡಿ ಬೆಂದ ಕಾಳು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕಾಯಿತುರಿ, ಸಾರಿನ ಪುಡಿ, ಹುಣಸೆ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದರೆ ಬಸ್ಸಾರು. ಉಳಿದ ಕಾಳಿಗೆ ಸೊಪ್ಪು ಸೇರಿಸಿ ಒಗ್ಗರಣೆ ಕೊಟ್ಟರೆ ಪಲ್ಯ. ಈ ಸಾರು ಮರುದಿನಕ್ಕೆ ಇನ್ನೂ ರುಚಿ. ಭಾನುವಾರ ಸಂಜೆ ಮಾಡಿಟ್ಟರೆ ಸೋಮವಾರದ ಡಬ್ಬಿಗೂ ಆಗುತ್ತದೆ.

ಗಂಜಿ ಊಟ:

ಉಡುಪಿಯಿಂದ ಬರೆಯುತ್ತಿದ್ದೇನೆ. ಅಕ್ಕಿಯನ್ನು ಎಲ್ಲರೂ ಸೇರಿ ಅಪರಾಧಿ ಮಾಡುವುದು ನನಗೆ ಬೇಸರ ತರಿಸುತ್ತದೆ. ದೋಷ ಇರುವುದು ಅಕ್ಕಿಯಲ್ಲಿ ಅಲ್ಲ, ಅದರ ಮೈ ಸವೆಸಿದ ಪಾಲಿಶಿನಲ್ಲಿ. ನಮ್ಮ ಕರಾವಳಿಯ ಕುಚ್ಚಲಕ್ಕಿಯನ್ನು ಭತ್ತ ಇರುವಾಗಲೇ ಬೇಯಿಸಿ ಒಣಗಿಸುತ್ತಾರೆ. ಹಾಗೆ ಬೇಯುವಾಗ ತೌಡಿನಲ್ಲಿರುವ ಬಿ ಜೀವಸತ್ವಗಳಲ್ಲಿ ಒಂದು ಪಾಲು ಕಾಳಿನ ಒಳಕ್ಕೆ ಇಳಿಯುತ್ತದೆ, ಹೊಟ್ಟು ತೆಗೆದರೂ ಉಳಿಯುತ್ತದೆ. ಕೆಂಪು ತೌಡು ಉಳಿದ ಕುಚ್ಚಲಕ್ಕಿ ಗಂಜಿ, ಜೊತೆಗೆ ಹುರುಳಿ ಚಟ್ನಿ, ತಿಮರೆ (ಒಂದೆಲಗ) ತಂಬುಳಿ. ಬಸಿದ ತಿಳಿಯನ್ನು ಚೆಲ್ಲುವುದಿಲ್ಲ, ಉಪ್ಪು ಹಾಕಿ ಕುಡಿಯುತ್ತೇವೆ. ಹಾಸನದ ಕಡೆಯ ರಾಜಮುಡಿಯೂ ಹೀಗೆ ತೌಡು ಉಳಿಸಿ ಮಾಡಿಸಿದರೆ ಬಹಳ ಒಳ್ಳೆಯ ಅಕ್ಕಿ. ಮಾವನವರು ಅನ್ನ ಬಿಡಲಾರೆ ಎಂದರೆ ಪ್ರಮಾಣ ಇಳಿಸಿ ಇಂಥದ್ದನ್ನು ಕೊಡಿ. ಬೇಯಲು ಹೊತ್ತು ಬೇಕು, ರಾತ್ರಿ ನೆನೆಸಿ ಕುಕ್ಕರಿನಲ್ಲಿ ಇಟ್ಟರೆ ಸರಿಹೋಗುತ್ತದೆ.

ಕಡಲಾಚೆ:

ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಇಲ್ಲಿನವರ ಉಪಯೋಗಕ್ಕೆ ಎರಡು ಮಾತು. ಇಲ್ಲಿಯ ಸಾಮಾನ್ಯ ಅಂಗಡಿಗಳಲ್ಲಿ ಬರೀ ಮಿಲೆಟ್ ಎಂದು ಬರೆದು ಮಾರುವುದು ಹೆಚ್ಚಾಗಿ ಬರಗು. ಕೊಲರಾಡೊ, ನೆಬ್ರಾಸ್ಕದಲ್ಲಿ ಬೆಳೆಯುತ್ತಾರೆ. ಇಡ್ಲಿಗೂ ಪೊಂಗಲಿಗೂ ಚೆನ್ನಾಗಿ ಆಗುತ್ತದೆ, ಊರಿನಿಂದ ಬಂದ ಹಳೆಯ ಪೊಟ್ಟಣಕ್ಕಿಂತ ತಾಜಾ ಇರುತ್ತದೆ. ಜೋಳವೂ ಅಮೆರಿಕದಲ್ಲಿ ಹೇರಳ. ಇಡಿ ಕಾಳು ತಂದು ಮನೆಯ ಸಣ್ಣ ಗಿರಣಿಯಲ್ಲಿ ಬೀಸಿಕೊಂಡರೆ ಎರೆಹೊಲದವರು ಹೇಳಿದ ಜಿಗಿ ಇಲ್ಲಿಯೂ ಸಿಗುತ್ತದೆ. ಸಜ್ಜೆ ಹಿಟ್ಟಿನ ಪೊಟ್ಟಣ ಮಾತ್ರ ಕೊಳ್ಳಬೇಡಿ. ಹಡಗಿನಲ್ಲಿ ಬರುವಷ್ಟರಲ್ಲಿ ಕಹಿಯಾಗಿರುತ್ತದೆ.

ಚಿಯಾ, ಕ್ವಿನೋವಾ ಕೆಟ್ಟದ್ದಲ್ಲ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಪ್ರೋತ್ಸಾಹದಿಂದ ಆ ಭಾಗದ ರೈತರೂ ಚಿಯಾ ಬೆಳೆದಿದ್ದಾರೆ. ಇಷ್ಟವಿದ್ದರೆ ಮೊಸರಿಗೆ ಒಂದು ಚಮಚ ನೆನೆಸಿ ಹಾಕಿಕೊಳ್ಳಿ. ಆದರೆ ಒಮೇಗಾ-3 ಬೇಕೆಂದೇ ಚಿಯಾ ಹುಡುಕುವವರಿಗೆ ಅಗಸೆ ಕಡಿಮೆ ಬೆಲೆಗೆ ಅದನ್ನೇ ಕೊಡುತ್ತದೆ.

ಮಲ್ಲೇಶ್ವರದ ಮನೆ:

ಅಗಸೆಯ ಮಾತು ಬಂದದ್ದು ಒಳ್ಳೆಯದಾಯಿತು. ಅಗಸೆಯನ್ನು ಹಾಗೇ ನುಂಗಬಹುದೇ? ಇಷ್ಟೊಂದು ಕಾಳು, ಹಿಟ್ಟು, ಪುಡಿ ಇಟ್ಟುಕೊಂಡರೆ ಹುಳ ಬೀಳುವುದಿಲ್ಲವೇ? ನಮ್ಮ ಬೀದಿಯ ಗಿರಣಿಯಲ್ಲಿ ಎರಡು ಕಿಲೋಗಿಂತ ಕಡಿಮೆ ಬೀಸಿಕೊಡುವುದಿಲ್ಲ.

ಎರೆಹೊಲ:

ಇಡಿಯಾಗಿ ನುಂಗಿದ ಅಗಸೆ ಇಡಿಯಾಗಿಯೇ ಹೊರಗೆ ಹೋಗುತ್ತದೆ. ಅದರ ಸಿಪ್ಪೆ ಜಾರು ಮತ್ತು ಗಟ್ಟಿ. ಪುಡಿ ಮಾಡಿಯೇ ತಿನ್ನಬೇಕು. ಪುಡಿ ಮಾಡಿದ ಮೇಲೆ ಎಣ್ಣೆ ಗಾಳಿಗೆ ತೆರೆದುಕೊಂಡು ಬೇಗ ಕಮಟು ಹಿಡಿಯುತ್ತದೆ. ಕಾಳಾಗಿ ತಿಂಗಳುಗಟ್ಟಲೆ ಇಡಿ, ಪುಡಿಯನ್ನು ವಾರಕ್ಕೆ ಬೇಕಾದಷ್ಟೇ ಮಾಡಿ ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಡಿ. ಹುರಿಯುವಾಗ ಕರಕಲಾಗಲು ಬಿಡಬೇಡಿ. ದಿನಕ್ಕೆ ಒಬ್ಬರಿಗೆ ಒಂದು ದೊಡ್ಡ ಚಮಚ ಸಾಕು, ಅದರ ಜೊತೆ ನೀರು ಚೆನ್ನಾಗಿ ಕುಡಿಯಬೇಕು.

ಬಯಲುಸೀಮೆ:

ಹುಳದ ವಿಷಯಕ್ಕೆ ಬರುತ್ತೇನೆ. ಎಲ್ಲ ಧಾನ್ಯವೂ ಒಂದೇ ರೀತಿ ಬಾಳುವುದಿಲ್ಲ. ರಾಗಿ ಕಾಳು ಚಿಕ್ಕದು, ಗಟ್ಟಿ. ಹಿಂದೆ ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ತುಂಬಿಡುತ್ತಿದ್ದರು, ಬರಗಾಲಕ್ಕೆ ಅದೇ ಆಸರೆ. ಆದ್ದರಿಂದ ರಾಗಿಯನ್ನು ಹತ್ತು ಕಿಲೋ ಒಟ್ಟಿಗೆ ತಂದರೂ ಚಿಂತೆಯಿಲ್ಲ. ತೌಡು ಉಳಿದ ಸಾಮೆ, ನವಣೆಗಳನ್ನು ಎರಡು ತಿಂಗಳಿಗೆ ಮೀರಿ ಇಡಬೇಡಿ, ತೌಡಿನ ಎಣ್ಣೆ ಕಮಟಾಗುತ್ತದೆ. ಸಜ್ಜೆ ಹಿಟ್ಟಿನ ಆಯುಸ್ಸು ವಾರ, ಹತ್ತು ದಿನ ಅಷ್ಟೆ.

ಬೇಳೆ, ಕಾಳುಗಳನ್ನು ಒಳ್ಳೆಯ ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ತುಂಬಿ. ಬೆಚ್ಚಗಿರುವಾಗ ತುಂಬಿದರೆ ಒಳಗೆ ಬೆವರಿ ಬೂಷ್ಟು ಬರುತ್ತದೆ. ತೊಗರಿಬೇಳೆಗೆ ಕೈಗೆ ಅಂಟುವಷ್ಟು ಹರಳೆಣ್ಣೆ ಸವರುತ್ತಾರೆ. ಅವರೆ, ತೊಗರಿ ಕಾಳಿಗೆ ನಮ್ಮ ಕಡೆ ಕೆಮ್ಮಣ್ಣು ಕಟ್ಟುವ ರೂಢಿ ಇದೆ, ಬಳಸುವಾಗ ತೊಳೆದರಾಯಿತು. ಪಟ್ಟಣದ ಮನೆಯಲ್ಲಿ ಜಾಗ ಇದ್ದರೆ, ಹೊಸ ಕಾಳನ್ನು ಒಂದು ವಾರ ಫ್ರೀಜರಿನಲ್ಲಿಟ್ಟು ತೆಗೆದರೆ ಮೊಟ್ಟೆಗಳು ಸಾಯುತ್ತವೆ. ಹೊರಗೆ ತೆಗೆದ ಪೊಟ್ಟಣವನ್ನು ಮಾಮೂಲಿ ಬಿಸಿಗೆ ಬರುವ ತನಕ ಬಿಚ್ಚಬೇಡಿ, ಇಲ್ಲವಾದರೆ ತೇವ ಕೂರುತ್ತದೆ. ಒಣ ಬೇವಿನ ಎಲೆ, ಒಣಮೆಣಸಿನಕಾಯಿ ಹಾಕಿಡುವುದು ಸರಿಯೇ, ಅದನ್ನೇ ನಂಬಿ ಬಿಸಿಲಿಗೆ ಹಾಕುವುದನ್ನು ತಪ್ಪಿಸಬೇಡಿ.

ಗಿರಣಿ ಪಕ್ಕದ ಮನೆ:

ಎರಡು ಕಿಲೋ ಸಮಸ್ಯೆಗೆ ನಮ್ಮ ಬೀದಿಯಲ್ಲಿ ಕಂಡುಕೊಂಡ ದಾರಿ: ಮೂರು ಮನೆಯವರು ಸೇರಿ ಒಂದೇ ಸಲ ಆರು ಕಿಲೋ ರಾಗಿ ಕೊಟ್ಟು, ಹಿಟ್ಟನ್ನು ಹಂಚಿಕೊಳ್ಳುತ್ತೇವೆ. ಒಂದು ವಾರ ರಾಗಿ, ಇನ್ನೊಂದು ವಾರ ಜೋಳ. ಗಿರಣಿಯವರಿಗೆ ಮೊದಲೇ ಹೇಳಿ, ಗೋಧಿಯ ಹಿಂದೆ ನಿಮ್ಮ ಧಾನ್ಯ ಹಾಕಿಸಬೇಡಿ. ಕಲ್ಲಿನಲ್ಲಿ ಉಳಿದ ಗೋಧಿ ನಿಮ್ಮ ಹಿಟ್ಟಿಗೆ ಬರುತ್ತದೆ. ಗೋಧಿಯ ಅಂಟು ಆಗದವರು ಮನೆಯಲ್ಲಿದ್ದರೆ ಅಷ್ಟೂ ಸಾಕು ತೊಂದರೆಗೆ. ಅವರಿಗೆ ಖಪ್ಲಿ ಎಂದೂ ಕರೆಯುವ ಜವೆ ಗೋಧಿಯೂ ಆಗುವುದಿಲ್ಲ, ಅದೂ ಗೋಧಿಯೇ.

ಬೀಸಿಸಿ ತಂದ ಹಿಟ್ಟು ಬಿಸಿಯಾಗಿರುತ್ತದೆ. ಅಗಲ ತಟ್ಟೆಯಲ್ಲಿ ಹರಡಿ ಆರಿಸಿ. ರಾಗಿ ಹಿಟ್ಟನ್ನು ಬಟ್ಟೆಯಲ್ಲಿ ಸೋಸಿ ನುಣುಪು ಮಾಡುವ ಅಭ್ಯಾಸ ಕೆಲವರಿಗಿದೆ. ಹಸುಗೂಸಿಗೆ ಹಾಗೆ ಮಾಡುವುದು ಸರಿ, ಉಳಿದವರಿಗೆ ದಪ್ಪ ಜರಡಿ ಸಾಕು. ನಾರು ಇರುವುದು ಆ ತರಿಯಲ್ಲೇ.

ಪಥ್ಯ:

ಮಲ್ಲೇಶ್ವರದವರಿಗೆ ಕೊನೆಯದಾಗಿ ಒಂದು ಮಾತು ಸೇರಿಸುತ್ತೇನೆ. ಇಷ್ಟು ನಾರನ್ನು ಒಂದೇ ವಾರದಲ್ಲಿ ಹೆಚ್ಚಿಸಿದರೆ ವಯಸ್ಸಾದವರಿಗೆ ಹೊಟ್ಟೆ ಉಬ್ಬರ ಬರುತ್ತದೆ, ಆಗ ಅವರು ಸಿರಿಧಾನ್ಯವೇ ಆಗಿಬರುವುದಿಲ್ಲ ಎಂದುಬಿಡುತ್ತಾರೆ. ಮೊದಲ ಎರಡು ವಾರ ದಿನಕ್ಕೆ ಒಂದು ಹೊತ್ತು ಮಾತ್ರ ಬದಲಿಸಿ. ಅತ್ತೆಯವರ ಮಂಡಿನೋವಿಗೆ ರಾಗಿಯ ಸುಣ್ಣದಂಶ ಮಾತ್ರ ಸಾಲದು, ಡಿ ಜೀವಸತ್ವ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ. ನೀವು ಸಸ್ಯಾಹಾರಿಗಳಾಗಿದ್ದರೆ ಎಲ್ಲರ ಬಿ12 ಕೂಡ ನೋಡಿಸುವುದು ಒಳ್ಳೆಯದು. ಧಾನ್ಯ, ಕಾಳುಗಳಲ್ಲಿ ಅದು ಸಿಗುವುದಿಲ್ಲ, ಹಾಲು, ಮೊಸರಿನಿಂದಲೇ ಬರಬೇಕು.